ಅರ್ಧ ಪ್ರಾರ್ಥನೆಯ ಮೇಷ್ಟ್ರು

ಮೇಷ್ಟ್ರು ಹೋದ ಸುದ್ದಿ ನನಗೆ ಮುಟ್ಟುವ ಹೊತ್ತಿಗೆ ಅವರ ಮಣ್ಣು ಕೂಡ ಆಗಿಹೋಗಿತ್ತು. ನಮ್ಮ ಪ್ರೆಸ್ಸಿನಲ್ಲಿ ಹಿಂದೆ ಮಿಷಿನ್ ನಡೆಸುತ್ತಿದ್ದವನು ಸಂತೆಯಲ್ಲಿ ಸಿಕ್ಕು, ಸೊಪ್ಪಿನವಳ ಜೊತೆ ಚೌಕಾಶಿ ಮಾಡುತ್ತಲೇ ಹೇಳಿದ: "ನಿಮ್ಮ ಪ್ರೂಫ್ ಮೇಷ್ಟ್ರು ಹೋದ್ರಂತೆ, ಗೊತ್ತಾತೇನು? ಮೂರು ದಿನ ಆತಂತೆ." ನಾನು ಕೈಯಲ್ಲಿದ್ದ ಮೆಂತ್ಯದ ಕಟ್ಟನ್ನು ಅಲ್ಲೇ ಇಟ್ಟು ಮನೆಗೆ ಬಂದೆ. ಸೊಪ್ಪೆಲ್ಲಿ ಎಂದು ಹೆಂಡತಿ ಕೇಳಿದಳು. ಚೆನ್ನಾಗಿರಲಿಲ್ಲ ಎಂದೆ. ಅಳು ಬರಲಿಲ್ಲ, ಸುಳ್ಳು ಯಾಕೆ ಹೇಳಲಿ. ಬಂದದ್ದು ಒಂದು ಬಗೆಯ ದಣಿವು. ಅವರ ಜೊತೆ ಹತ್ತು ಹನ್ನೆರಡು ವರ್ಷ ಕೂತು ಎದ್ದವನಿಗೆ ಆ ದಣಿವು ಹೊಸದೇನಲ್ಲ.

ಅವರ ಹೆಸರನ್ನು ನಾನು ಬರೆಯುವುದಿಲ್ಲ. ಅವರ ಕ್ರೈಸ್ತ ಸಭೆಯವರು ಇದೇ ದಾವಣಗೆರೆಯಲ್ಲಿದ್ದಾರೆ, ಅವರ ಹೆಂಡತಿಯ ತವರಿನವರು ಹರಿಹರದಲ್ಲಿದ್ದಾರೆ. ಎರಡೂ ಕಡೆಯವರಿಗೆ ಅವರ ಮೇಲೆ ಒಂದಿಷ್ಟು ಮುನಿಸು ಉಳಿದಿದೆ. ಅದನ್ನು ಕೆದಕುವ ತ್ರಾಣ ನನಗಿಲ್ಲ. ನಾವೆಲ್ಲ ಮೇಷ್ಟ್ರು ಎನ್ನುತ್ತಿದ್ದೆವು, ಅಷ್ಟು ಸಾಕು.

ಐವತ್ತರ ದಶಕದಲ್ಲಿ ನಾನು ಮಂಡಿಪೇಟೆಯ ಹಿಂದಿನ ಗಲ್ಲಿಯ ಒಂದು ಪ್ರೆಸ್ಸಿನಲ್ಲಿ ಹಿರಿಯ ಕಂಪೋಸಿಟರ್. ಎರಡು ಮಕ್ಕಳ ತಂದೆ. ನಿಟ್ಟುವಳ್ಳಿಯಿಂದ ನಡೆದುಕೊಂಡೇ ಬರುತ್ತಿದ್ದೆ, ಆಗ ಅದಿನ್ನೂ ಹಳ್ಳಿ, ನಡುವೆ ಜೋಳದ ಹೊಲಗಳಿದ್ದವು. ಮಿಲ್ಲಿನ ಕೂಗು ಕೇಳಿದ ಮೇಲೆ ನಮ್ಮ ಬಾಗಿಲು ತೆಗೆಯುತ್ತಿತ್ತು. ಹತ್ತಿ ಅಡತಿಯವರ ಬಿಲ್ ಪುಸ್ತಕ, ಲಗ್ನಪತ್ರಿಕೆ, ನಾಟಕ ಕಂಪನಿಯ ಹ್ಯಾಂಡ್‌ಬಿಲ್ಲು, ಮಠಗಳ ಕರಪತ್ರ, ಇವೇ ನಮ್ಮ ಕೆಲಸ. ಅಚ್ಚಿನ ಅಕ್ಷರದ ಮೊಳೆ ಜೋಡಿಸುವುದು ನಾನು, ಜೋಡಿಸಿದ್ದರಲ್ಲಿ ತಪ್ಪು ಹುಡುಕುವುದು ಮೇಷ್ಟ್ರು. ಮೊದಲು ಒಂದು ಮಿಶನ್ ಶಾಲೆಯಲ್ಲಿ ಪಾಠ ಹೇಳುತ್ತಿದ್ದರಂತೆ, ಶಾಲೆ ಮುಚ್ಚಿದ ಮೇಲೆ ನಮ್ಮಲ್ಲಿಗೆ ಬಂದರು.

ಬಡಕಲು ಆಳು, ಉದ್ದ ಕತ್ತು. ಬಿಳಿ ಪಂಚೆ, ಮೇಲೆ ಬೇಸಿಗೆಯಲ್ಲೂ ಬಿಚ್ಚದ ಕರಿ ಕೋಟು. ಕಿಟಕಿಯ ಪಕ್ಕದ ಸ್ಟೂಲು ಅವರದು, ಅದರ ಮೇಲೆ ಬೇರೆ ಯಾರಾದರೂ ಕೂತರೆ ಏಳಿ ಎನ್ನುತ್ತಿರಲಿಲ್ಲ, ಎದುರಿಗೆ ನಿಂತೇ ಇರುತ್ತಿದ್ದರು. ಸಿಟ್ಟು ಬಂದರೆ ಬಾಯಿ ಮಾಡುವವರಲ್ಲ. ಕನ್ನಡಕ ತೆಗೆದು ಪಂಚೆಯ ಚುಂಗಿನಿಂದ ಒರೆಸುತ್ತಿದ್ದರು. ಎಷ್ಟು ಹೊತ್ತು ಒರೆಸುತ್ತಾರೆ ಎನ್ನುವುದರ ಮೇಲೆ ನಮಗೆ ಅವರ ಸಿಟ್ಟಿನ ಅಳತೆ ಸಿಗುತ್ತಿತ್ತು. ಒರೆಸಿ ಮುಗಿದ ಮೇಲೆ ಒಂದೇ ಮಾತು: "ಎಲ್ಲೈತೆ, ತೋರ್ಸು."

ಅಂದರೆ ಗಿರಾಕಿ ಬರೆದು ಕೊಟ್ಟ ಕಾಪಿಯಲ್ಲಿ ಎಲ್ಲಿದೆ ತೋರಿಸು ಎಂದು. ಕಾಪಿಯಲ್ಲಿದ್ದದ್ದು ಅಚ್ಚಿನಲ್ಲಿರಬೇಕು, ಇಲ್ಲದ್ದು ಇರಬಾರದು. ಇದರಲ್ಲಿ ಅವರು ಯಾರ ಮುಲಾಜಿಗೂ ಬಿದ್ದವರಲ್ಲ. ನಾನು ಒಂದು ಸಲ ಸಿಕ್ಕಿಬಿದ್ದೆ. ಒಬ್ಬ ಅಡತಿ ವ್ಯಾಪಾರಿಯ ಮಗನ ಲಗ್ನಪತ್ರಿಕೆ. ಕೆಳಗೆ ಸುಖಾಗಮನ ಬಯಸುವವರ ಸಾಲಿನಲ್ಲಿ ಹುಡುಗನ ದೊಡ್ಡಪ್ಪನ ಹೆಸರೇ ಇರಲಿಲ್ಲ. ನನಗೆ ಆ ಮನೆತನ ಗೊತ್ತು, ದೊಡ್ಡಪ್ಪನೂ ಗೊತ್ತು. ಪಾಪ, ಗಡಿಬಿಡಿಯಲ್ಲಿ ಮರೆತಿದ್ದಾರೆ ಎಂದುಕೊಂಡು, ಪ್ರೂಫ್ ತಿದ್ದಿ ಬಂದ ಮೇಲೆ ನಾನೇ ಹೆಸರು ಸೇರಿಸಿಬಿಟ್ಟೆ. ಅಣ್ಣ ತಮ್ಮಂದಿರ ನಡುವೆ ಹೊಲದ ವ್ಯಾಜ್ಯ ಕೋರ್ಟಿಗೆ ಹೋಗಿದೆ ಎಂಬುದು ನನಗೆ ಗೊತ್ತಿರಲಿಲ್ಲ. ಪತ್ರಿಕೆ ಹಂಚಿ ಆಗಿತ್ತು. ದೊಡ್ಡಪ್ಪ ತನ್ನ ಹೆಸರು ನೋಡಿ ಖುಷಿಯಾಗಿ ಜರಿ ರುಮಾಲು ಸುತ್ತಿಕೊಂಡು ಬಂದು ಹಂದರದ ಮುಂದಿನ ಸಾಲಿನಲ್ಲೇ ಕೂತನಂತೆ. ಹುಡುಗನ ತಂದೆ ಮರುದಿನ ಬಂದು ನಮ್ಮ ಮಾಲೀಕರ ಜನ್ಮ ಜಾಲಾಡಿದ.

ಮೇಷ್ಟ್ರು ಅಂದು ಕನ್ನಡಕ ಒರೆಸಲಿಲ್ಲ. ಸಂಜೆ ಹೊರಡುವಾಗ ನನ್ನ ಪಕ್ಕ ನಿಂತು ಮೆಲ್ಲಗೆ ಅಂದರು: "ಬಿಟ್ಟ ಜಾಗಕ್ಕೂ ಒಂದು ಕಾರಣ ಇರ್ತೈತೆ ರುದ್ರಪ್ಪ. ಅದು ನಮ್ದಲ್ಲ. ತುಂಬಾಕ ಹೋಗಬ್ಯಾಡ."

ಇದೇ ಹಟ ಅವರ ಧರ್ಮದಲ್ಲೂ ಇತ್ತು. ಅವರು ಪ್ರಾಟೆಸ್ಟೆಂಟ್. ದೇವರು ಹೇಳಬೇಕಾದ್ದನ್ನೆಲ್ಲ ಸತ್ಯವೇದದಲ್ಲಿ, ಅಂದರೆ ಬೈಬಲಿನಲ್ಲಿ, ಹೇಳಿಯಾಗಿದೆ, ಅದರಾಚೆ ಒಂದು ಅಕ್ಷರ ಕೂಡಿಸುವ ಅಧಿಕಾರ ಪೋಪನಿಗೂ ಇಲ್ಲ, ಪಾದ್ರಿಗೂ ಇಲ್ಲ ಎಂಬುದು ಅವರ ನಂಬಿಕೆ. ಭಾನುವಾರದ ಆರಾಧನೆಯಲ್ಲಿ ವೇದಪಾಠ ಓದುವ ಕೆಲಸ ಅವರದಾಗಿತ್ತು. ಸೋಮವಾರ ಬಂದಾಗ ಅವರ ಮುಖದಲ್ಲಿ ಅದರ ಕಳೆ ಇನ್ನೂ ಉಳಿದಿರುತ್ತಿತ್ತು. ಅವರಿಗೆ ಬೇರೆ ಚಟವಿಲ್ಲ, ಬೇರೆ ಸುಖವೂ ಇಲ್ಲ. ಮಕ್ಕಳಿರಲಿಲ್ಲ.

ಪ್ರತಿ ಆಷಾಢ ಕಳೆದ ಮೇಲೆ ಹರಿಹರದಿಂದ ಒಬ್ಬ ಫಾದರ್ ಬರುತ್ತಿದ್ದರು. ಕೆಥೋಲಿಕರು. ಅಲ್ಲಿ ಹೊಳೆಯ ದಿಕ್ಕಿನಲ್ಲಿ ಯೇಸುವಿನ ತಾಯಿ ಮರಿಯಮ್ಮನವರ ಗುಡಿಯಿದೆ, ಸೆಪ್ಟೆಂಬರಿನಲ್ಲಿ ಹಬ್ಬ. ಹಬ್ಬಕ್ಕೆ ಮುಂಚೆ ಒಂಬತ್ತು ದಿನ ಹೇಳುವ ಪ್ರಾರ್ಥನೆಗಳ ಸಣ್ಣ ಪುಸ್ತಕ ನಮ್ಮಲ್ಲೇ ಅಚ್ಚಾಗುತ್ತಿತ್ತು. ಮೊದಲ ವರ್ಷ ಕಾಪಿ ನೋಡಿ ನಾನು ಮೇಷ್ಟ್ರಿಗೆ ಕೊಡಲು ಅಂಜಿದೆ. ಮರಿಯಮ್ಮನನ್ನು ಬೇಡಿಕೊಳ್ಳುವುದೆಂದರೆ ಅವರಿಗೆ ಆಗದು ಎಂದು ಗೊತ್ತಿತ್ತು. ಅವರು ಕೈ ಚಾಚಿ ಇಸಕೊಂಡರು.

"ತಪ್ಪು ನಂಬಿಕಿ ಬ್ಯಾರೆ, ತಪ್ಪು ಅಚ್ಚು ಬ್ಯಾರೆ. ನನ್ನ ಸಂಬಳ ಎರಡನೇದಕ್ಕೆ," ಎಂದರು.

ಆ ಪುಸ್ತಕದಷ್ಟು ತಪ್ಪಿಲ್ಲದ ಅಚ್ಚು ನಮ್ಮ ಪ್ರೆಸ್ಸಿನಿಂದ ಇನ್ನೊಂದು ಹೊರಬಿದ್ದಿರಲಿಕ್ಕಿಲ್ಲ. ಫಾದರಿಗೂ ಅದು ಗೊತ್ತು. ಪ್ರೂಫ್ ಒಯ್ಯಲು ಬಂದವರು ಚಹಾ ತರಿಸಿ ಮೇಷ್ಟ್ರ ಎದುರಿಗೇ ಕೂರುತ್ತಿದ್ದರು. ಆಮೇಲೆ ಶುರು.

"ನಿಮ್ಮ ತಾಯೀನ, ಅವ್ವಾ ನನಗೋಸ್ಕರ ಪ್ರಾರ್ಥನೆ ಮಾಡು ಅಂತ ಕೇಳ್ತೀರೋ ಇಲ್ವೋ ಮೇಷ್ಟ್ರೇ?"

"ಇದ್ದಾಗ ಕೇಳಿದ್ದೆ."

"ಸತ್ತವರು ದೇವರ ಹತ್ರ ಬದುಕಿಲ್ಲೇನು? ಹಂಗಾದ್ರೆ ಯೇಸುವಿನ ತಾಯೀನ ಕೇಳಿದ್ರೆ ಏನು ತಪ್ಪು?"

"ಆಕೆ ದೊಡ್ಡಾಕೆ. ನಮ್ಮ ಕರ್ತನ ತಾಯಿ. ಮರ್ಯಾದೆ ಕೊಡ್ತೀನಿ. ಆದ್ರೆ ನಾವು ಕೂಗಿದ್ದು ಆಕೆಗೆ ಕೇಳ್ತೈತೆ ಅಂತ ಎಲ್ಲೈತೆ, ತೋರ್ಸ್ರಿ."

ಫಾದರ್ ನಗುತ್ತಿದ್ದರು. ಒಮ್ಮೆ ಮಾತ್ರ ಅವರು ಮೇಷ್ಟ್ರನ್ನು ಸರಿಯಾಗಿ ಹಿಡಿದರು. "ಎಲ್ಲಾದಕ್ಕೂ ಪುಸ್ತಕ ತೋರ್ಸು ಅಂತೀರಿ. ಆ ಪುಸ್ತಕದೊಳಗೆ ಯಾವ ಯಾವ ಗ್ರಂಥ ಇರಬೇಕು, ಯಾವುದು ಇರಬಾರ್ದು ಅಂತ ಆ ಪುಸ್ತಕದೊಳಗೇ ಎಲ್ಲೈತ್ರಿ? ಆರಿಸಿದ್ದು ಸಭೆ. ಸಭೆಯ ಮಾತು ಬ್ಯಾಡ, ಸಭೆ ಆರಿಸಿದ ಪುಸ್ತಕ ಬೇಕು ಅಂದ್ರೆ ಹೆಂಗೆ?"

ಮೇಷ್ಟ್ರು ಕನ್ನಡಕ ಒರೆಸಿದರು. ಫಾದರ್ ಎದ್ದು ಹೋದ ಮೇಲೂ ಒರೆಸುತ್ತಿದ್ದರು. ಮುಂದಿನ ಸಲ ಫಾದರ್ ಹೊಸ್ತಿಲು ದಾಟುವ ಮೊದಲೇ ಉತ್ತರ ಬಂತು: "ಅಕ್ಕಸಾಲಿ ಒರೆಗಲ್ಲಿಗೆ ತಿಕ್ಕಿ ಇದು ಬಂಗಾರ ಅಂತಾನೆ. ಅಂದ ಮಾತ್ರಕ್ಕೆ ಬಂಗಾರ ಮಾಡಿದವನು ಅವನಲ್ಲ." ಫಾದರ್ ಕೂತುಕೊಂಡು, "ಭೇಷ್, ಆದ್ರೂ ಅಕ್ಕಸಾಲಿ ಬೇಕಾದ ನೋಡ್ರಿ," ಎಂದರು. ಮತ್ತೆ ಚಹಾ, ಮತ್ತೆ ಅದೇ.

ನನಗೆ ಕೇಳಿ ಕೇಳಿ ಸಾಕಾಗಿತ್ತು. ನಮ್ಮಲ್ಲಿ ಇಂಥ ಜಗಳ ಕಮ್ಮಿಯೇ? ಯಾರ ಮಠ ಹಿರಿದು, ಯಾರ ಪಾದಪೂಜೆ ಮೊದಲು ಎಂದು ಬಡಿದಾಡಿಕೊಂಡವರನ್ನು ನಾನು ಸಣ್ಣಂದಿನಿಂದ ನೋಡಿದ್ದೇನೆ. ಕೊರಳಲ್ಲಿ ಲಿಂಗ ಕಟ್ಟಿಕೊಂಡು ಮರಿಯಮ್ಮನ ಮೊಳೆ ಜೋಡಿಸುತ್ತಾ, ಇವರಿಬ್ಬರಿಗೂ ಇದೆಲ್ಲ ಒಂದು ದಿನ ಬೇಸರ ಬಂದೀತು ಎಂದುಕೊಳ್ಳುತ್ತಿದ್ದೆ. ಬೇಸರ ಬರಲಿಲ್ಲ. ಯಾಕೆಂದರೆ ಮೇಷ್ಟ್ರಿಗೆ ಅದು ಬರೀ ವಾದವಾಗಿರಲಿಲ್ಲ, ಮನೆಯೊಳಗಿನ ಮಾತಾಗಿತ್ತು. ಇದು ನನಗೆ ಗೊತ್ತಾದದ್ದು ತಡವಾಗಿ.

ಅವರ ಹೆಂಡತಿ ರೋಜಮ್ಮ ಹರಿಹರದವರು, ಕೆಥೋಲಿಕರು. ಮಿಶನ್ ಆಸ್ಪತ್ರೆಯಲ್ಲಿ ಆಯಾ ಆಗಿದ್ದಾಗ ಮೇಷ್ಟ್ರು ಟೈಫಾಯ್ಡ್ ಬಂದು ಅಲ್ಲಿ ಮಲಗಿದ್ದರಂತೆ. ಇಬ್ಬರೂ ಒಪ್ಪಿ, ಮೇಷ್ಟ್ರ ಸಭೆಯ ದೇವಾಲಯದಲ್ಲಿ ಮದುವೆಯಾದರು. ತೊಡಕು ಅಲ್ಲಿಂದಲೇ. ಕೆಥೋಲಿಕರ ಕಟ್ಟಳೆಯಂತೆ ಅವರ ಫಾದರ್ ಎದುರಿಗೆ ಆಗದ ಮದುವೆ ಮದುವೆಯೇ ಅಲ್ಲ. ಹಾಗಾಗಿ ರೋಜಮ್ಮಕ್ಕ ಗುಡಿಗೆ ಹೋಗಬಹುದು, ಹಿಂದಿನ ಸಾಲಿನಲ್ಲಿ ಮೊಣಕಾಲೂರಬಹುದು, ಪೂಜೆಯ ಕೊನೆಗೆ ಎಲ್ಲರೂ ಎದ್ದು ಫಾದರ್ ಕೈಯಿಂದ ಪರಮಪ್ರಸಾದದ ರೊಟ್ಟಿ ತೆಗೆದುಕೊಳ್ಳಲು ಹೋಗುವಾಗ ಮಾತ್ರ ಕೂತೇ ಇರಬೇಕು. ಮದುವೆಯಾದಂದಿನಿಂದ ಹಾಗೆ ಕೂತಿದ್ದರು.

ಹಬ್ಬದ ದಿನ ಗಂಡ ಹೆಂಡತಿ ಒಟ್ಟಿಗೇ ರೈಲು ಹತ್ತುತ್ತಿದ್ದರು. ಒಂದು ವರ್ಷ ನನ್ನ ಮಗುವಿಗೆ ವಾಸಿಯಾಗಿದ್ದಕ್ಕೆ ನನ್ನ ಹೆಂಡತಿಯ ಹರಕೆ ತೀರಿಸಲು ನಾನೂ ಹೋಗಿದ್ದೆ. ಅಲ್ಲಿಗೆ ಬರದ ಜಾತಿಯಿಲ್ಲ, ತೆಂಗಿನಕಾಯಿ ತಂದವರೂ ಇದ್ದರು, ಮೇಣದ ಬತ್ತಿ ತಂದವರೂ ಇದ್ದರು. ಹೊರಗೆ ಬೇವಿನ ಮರದಡಿ ಮೇಷ್ಟ್ರು ಕೊಡೆ ಬಿಡಿಸಿಕೊಂಡು ಸತ್ಯವೇದ ಓದುತ್ತಿದ್ದರು. ಕೊಡೆಯ ನೆರಳಿನಲ್ಲಿ ಹೆಂಡತಿಯ ಚಪ್ಪಲಿಗಳು.

"ನಾನೇ ಒಳಗೆ ಹೊಂಟೀನಿ, ನೀವು ಬರ್ರಿ," ಎಂದು ಚುಡಾಯಿಸಿದೆ.

"ನಿನಗೇನಪ್ಪ, ಎಲ್ಲಾ ದೇವ್ರೂ ನೆಂಟ್ರು. ನನಗಿರೋನು ಒಬ್ನೇ."

ಒಳಗೆ ರೋಜಮ್ಮಕ್ಕ ಹಿಂದಿನ ಸಾಲಿನಲ್ಲಿದ್ದರು. ಎಲ್ಲರೂ ಎದ್ದು ಹೋಗುವಾಗ ಅವರು ಸೆರಗು ಸರಿ ಮಾಡಿಕೊಂಡು, ತಲೆ ತಗ್ಗಿಸಿ, ಯಾವುದೋ ಕೆಲಸವಿದ್ದವರಂತೆ ಕೂತಿದ್ದರು.

ಒಂದು ಸಂಜೆ, ದೀಪ ಹಚ್ಚುವ ಹೊತ್ತಿಗೆ, ತುರ್ತಿನ ಪ್ರೂಫ್ ಹಿಡಿದು ಮೇಷ್ಟ್ರ ಮನೆಗೆ ಹೋದೆ. ಬಾಗಿಲು ತೆಗೆದೇ ಇತ್ತು. ಅಕ್ಕ ಚಾಪೆಯ ಮೇಲೆ ಜಪಮಾಲೆ ಹಿಡಿದು ಕೂತಿದ್ದರು. ಮೇಷ್ಟ್ರು ಕುರ್ಚಿಯಲ್ಲಿ, ತೊಡೆಯ ಮೇಲೆ ಮುಚ್ಚಿದ ಸತ್ಯವೇದ. ಮರಿಯಮ್ಮನ ಪ್ರಾರ್ಥನೆಯ ಮೊದಲರ್ಧವನ್ನು ಮೇಷ್ಟ್ರು ಹೇಳುತ್ತಿದ್ದರು. ಅವರು ನಿಲ್ಲಿಸಿದಲ್ಲಿಂದ ಅಕ್ಕ ಉಳಿದರ್ಧ ಹೇಳುತ್ತಿದ್ದರು. ಮತ್ತೆ ಇವರು, ಮತ್ತೆ ಅವರು. ನಾನು ಬಾಗಿಲಲ್ಲೇ ನಿಂತೆ. ಮಣಿ ಐವತ್ತು ಮುಗಿಯುವ ತನಕ ಇಬ್ಬರೂ ನನ್ನ ಕಡೆ ನೋಡಲಿಲ್ಲ.

ಆಮೇಲೆ ಮೇಷ್ಟ್ರು ಕಳ್ಳತನದಲ್ಲಿ ಸಿಕ್ಕಿಬಿದ್ದವರಂತೆ ಎದ್ದು ನನ್ನನ್ನು ಗಲ್ಲಿಯ ತುದಿಯ ತನಕ ಕಳಿಸಲು ಬಂದರು.

"ಆಕೆ ಒಬ್ಬಾಕೇನೇ ಹೇಳ್ಕೊಳ್ತಿದ್ಲು," ಎಂದರು. "ಜಪಮಾಲೆ ಒಬ್ರೇ ಹೇಳೋದಲ್ಲ. ಅವರ ಮನೆಗಳಾಗ ಒಬ್ರು ಮೊದಲರ್ಧ ಹೇಳ್ತಾರೆ, ಉಳಿದೋರೆಲ್ಲ ಎರಡನೇ ಅರ್ಧ ಹೇಳಿ ಪೂರಾ ಮಾಡ್ತಾರೆ. ಮೊದಲರ್ಧ ದೇವದೂತ ಮರಿಯಮ್ಮಗೆ ಹೇಳಿದ ಮಾತು, ಎಲಿಸಬೇತ ಹೇಳಿದ ಮಾತು. ಲೂಕನ ಸುವಾರ್ತೆಯಾಗೈತೆ. ಅಷ್ಟನ್ನ ನಾನು ಹೇಳಬೌದು. ನಮಗೋಸ್ಕರ ಬೇಡಿಕೊಳ್ಳವ್ವಾ ಅನ್ನೋದು ಎಲ್ಲೂ ಇಲ್ಲ. ಅದು ಆಕೇದು."

"ಎಷ್ಟು ವರ್ಷ ಆತ್ರಿ ಹಿಂಗೆ?"

"ಮದುವಿ ಆದ ಮಳೆಗಾಲದಿಂದ."

ಆ ಅರ್ಧ ಪ್ರಾರ್ಥನೆಗೆ ಅವರು ಎಷ್ಟು ಯೋಚಿಸಿರಬೇಕು. ನನಗೆ ನಗು ಬಂತು, ನಕ್ಕರೆ ತಪ್ಪಾದೀತೆಂದು ತಡೆದುಕೊಂಡೆ. ಅಕ್ಕ ಮಾತ್ರ ಅವರನ್ನು ಬಿಡುತ್ತಿರಲಿಲ್ಲ. "ನಿಮ್ಮ ಪುಸ್ತಕ ಬರೆದೋರಿಗೆ ಅವ್ವ ಇರ್ಲಿಲ್ಲೇನು? ಒಂದು ಸಾಲು ಜಾಸ್ತಿ ಬರೆದಿದ್ರೆ ಅವರ ಕೈ ಸವೀತಿತ್ತಾ?" ಎಂದು ನನ್ನೆದುರೇ ಕೇಳುತ್ತಿದ್ದರು. ಮೇಷ್ಟ್ರು ಕನ್ನಡಕಕ್ಕೆ ಕೈ ಹಾಕಿದರೆ, "ಒರೆಸ್ರಿ, ಒರೆಸ್ರಿ, ಅದ್ರಾಗ ಇನ್ನೇನು ಗಾಜು ಉಳಿದೈತೆ," ಎನ್ನುತ್ತಿದ್ದರು.

ಅರವತ್ತರ ಈಚೆಗೆ ಅಕ್ಕನ ಹೊಟ್ಟೆಯಲ್ಲಿ ಗಡ್ಡೆಯಾಯಿತು. ದೊಡ್ಡಾಸ್ಪತ್ರೆಯಲ್ಲಿ ನೋಡಿ, ತಡವಾಗಿದೆ ಎಂದರು. ಹರಿಹರದಲ್ಲಿ ಅವರ ತಮ್ಮನ ಮನೆಯಿತ್ತು, ನೋಡಿಕೊಳ್ಳಲು ಹೆಣ್ಣು ಜನ ಇದ್ದರು, ಅಲ್ಲಿಗೇ ಕರೆದೊಯ್ದರು. ಮೇಷ್ಟ್ರು ದಿನಾ ಸಂಜೆ ರೈಲಿಗೆ ಹೋಗಿ ಬೆಳಿಗ್ಗೆ ಬರುತ್ತಿದ್ದರು. ಅಕ್ಕ ಕೇಳಿದ್ದು ಒಂದೇ. ಸಾಯುವ ಮೊದಲು ಪರಮಪ್ರಸಾದ ಬೇಕು.

ಫಾದರ್ ಆ ಸಲ ಪ್ರೆಸ್ಸಿಗೆ ಬಂದಾಗ ಚಹಾ ತರಿಸಲಿಲ್ಲ. ಮೇಷ್ಟ್ರನ್ನು ಕಾಗದದ ರೀಮುಗಳಿದ್ದ ಹಿಂದಿನ ಕೋಣೆಗೆ ಕರೆದರು. ನಡುವೆ ಇದ್ದದ್ದು ತೆಳು ಹಲಗೆ, ಎಲ್ಲ ನನಗೆ ಕೇಳುತ್ತಿತ್ತು.

"ಮದುವೆ ಸರಿ ಮಾಡಬೇಕು ಮೇಷ್ಟ್ರೇ. ನನ್ನೆದುರಿಗೆ, ಇಬ್ಬರು ಸಾಕ್ಷಿ ಎದುರಿಗೆ ನೀವಿಬ್ರೂ ಒಪ್ಪಿಗೆ ಹೇಳ್ಬೇಕು. ಒಂದು ಕಾಗದಕ್ಕೆ ಸಹಿ. ಅಷ್ಟಾದ್ರೆ ಅದೇ ಗಳಿಗೆಗೆ ಪ್ರಸಾದ ಕೊಡ್ತೀನಿ. ಮನೆಯಾಗೇ ಆಗ್ಲಿ, ಗುಡಿಗೆ ಬರೋದು ಬ್ಯಾಡ."

"ಹಂಗಾದ್ರೆ ಇಷ್ಟು ವರ್ಷ ನಾವಿಬ್ರು ಏನಾಗಿದ್ವಿ?"

ಫಾದರ್ ರೀಮಿನ ಮೇಲೆ ಕೂತ ಸದ್ದು ಕೇಳಿತು.

"ನನ್ನ ಮದುವಿ ಮದುವಿ ಅಲ್ಲ ಅಂತ ಎಲ್ಲೈತೆ?"

"ಪುಸ್ತಕದಾಗಿಲ್ಲ," ಎಂದರು ಫಾದರ್. ದನಿಯಲ್ಲಿ ವಾದವಿರಲಿಲ್ಲ. "ಸಭೆಯ ಕಟ್ಟಳೆ. ನಾನು ಮುರಿಯೋ ಹಂಗಿಲ್ಲ. ನಿಮ್ಮನ್ನ ನೋಯಿಸಾಕ ಬಂದಿಲ್ಲ, ಆಕೆ ಅಳ್ತಾಳೆ ಅಂತ ಬಂದೀನಿ."

ಸುದ್ದಿ ಮೇಷ್ಟ್ರ ಸಭೆಗೂ ಮುಟ್ಟಿತು. ಅವರ ಪಾದ್ರಿ ಸಾಹೇಬರು ಇಬ್ಬರು ಹಿರಿಯರ ಜೊತೆ ಬಂದು ಅದೇ ಕೋಣೆಯಲ್ಲಿ ಕೂತರು. ಅವರೂ ಕೆಟ್ಟವರೇನಲ್ಲ. ನಮ್ಮ ದೇವಾಲಯದಲ್ಲಿ ದೇವರೆದುರು ಆದ ಮದುವೆಯನ್ನು ನೀವೇ ಸುಳ್ಳು ಮಾಡಿದರೆ ನಾಳೆ ನಮ್ಮ ಮಕ್ಕಳಿಗೆ ಏನು ಹೇಳೋಣ ಎಂದು ಕೇಳಿದರು. ಹಾಗೆ ಮಾಡಿದವರ ಕೈಯಲ್ಲಿ ವೇದಪಾಠ ಓದಿಸಲಾಗದು ಎಂದೂ ಹೇಳಿದರು. ಅವರು ಹೋದ ಮೇಲೆ ಮೇಷ್ಟ್ರು ಸ್ಟೂಲಿನ ಮೇಲೆ ಬಂದು ಕೂತು ಪ್ರೂಫ್ ಎತ್ತಿಕೊಂಡರು. ಅಂದು ಅವರು ತಿದ್ದಿದ ಹಾಳೆಯಲ್ಲಿ ಒಂದು ಸಾಲೇ ಬಿಟ್ಟುಹೋಗಿತ್ತು. ನಾನು ನೋಡಿ, ಹೇಳದೆ ಸರಿಪಡಿಸಿದೆ.

ಮೂರನೆಯ ದಿನ ಮಧ್ಯಾಹ್ನ ಬುತ್ತಿ ಬಿಚ್ಚುವಾಗ ಅಂದರು: "ಸಾಕ್ಷಿ ಬೇಕಂತೆ. ಬರ್ತೀಯೇನು ರುದ್ರಪ್ಪ?"

"ನಾನು ಲಿಂಗಾಯ್ತ. ನಡೀತೈತೇನ್ರಿ?"

"ಕೇಳೀನಿ. ಎರಡು ಕಣ್ಣು, ಎರಡು ಕಿವಿ ಇದ್ರೆ ನಡೀತೈತಂತೆ."

ಹೀಗೆ ನಾನು ಮೇಷ್ಟ್ರ ಎರಡನೇ ಮದುವೆಗೆ ಹೋದೆ. ಅಕ್ಕನ ತಮ್ಮ ಇನ್ನೊಬ್ಬ ಸಾಕ್ಷಿ. ಹೊಳೆಯ ಕಡೆಯ ಕೋಣೆ, ತುಂಗಭದ್ರೆ ತುಂಬಿ ಕೆಂಪಗೆ ಹರಿಯುತ್ತಿದ್ದುದು ಕಿಟಕಿಯಿಂದ ಕಾಣುತ್ತಿತ್ತು. ಅಕ್ಕ ಮಂಚದ ಮೇಲೆ ದಿಂಬಿಗೆ ಒರಗಿದ್ದರು, ಯಾರೋ ತಲೆ ಬಾಚಿ ಹೂ ಮುಡಿಸಿದ್ದರು. ಈಕೆಯನ್ನು ಹೆಂಡತಿಯಾಗಿ ಒಪ್ಪಿಕೊಳ್ಳುತ್ತೀರಾ ಎಂದು ಫಾದರ್ ಕೇಳಿದರು. ಮೇಷ್ಟ್ರ ಕೈ ಕನ್ನಡಕದ ತನಕ ಹೋಗಿ ಕೆಳಗಿಳಿಯಿತು. ಒಪ್ಪಿದ್ದೇನೆ ಎಂದರು. ಭಾನುವಾರ ವೇದಪಾಠ ಓದುವ ಅದೇ ಗಟ್ಟಿ ದನಿ. ಅಕ್ಕ ತಮ್ಮ ಸರದಿಗೆ ಒಪ್ಪಿದ್ದೇನೆ ಎಂದು, ನನ್ನ ಕಡೆ ತಿರುಗಿ, "ಎರಡನೇ ಸಲಾನೂ ಇವ್ರೇ ಸಿಕ್ರು ನೋಡು ರುದ್ರಪ್ಪ," ಎಂದರು. ಫಾದರ್ ಕೂಡ ನಕ್ಕರು. ಆಮೇಲೆ ನಮ್ಮನ್ನು ಹೊರಗೆ ಕಳಿಸಿ ಪಾಪನಿವೇದನೆ ಕೇಳಿದರು, ಪ್ರಸಾದ ಕೊಟ್ಟರು. ಮೇಷ್ಟ್ರು ಜಗಲಿಯ ಮೇಲೆ ಹೊಳೆ ನೋಡುತ್ತಾ ನಿಂತಿದ್ದರು.

ಮುಂದಿನ ಭಾನುವಾರ ವೇದಪಾಠವನ್ನು ಬೇರೊಬ್ಬರು ಓದಿದರು. ಮೇಷ್ಟ್ರು ಹಿಂದಿನ ಬೆಂಚಿನಲ್ಲಿ ಕೂತಿದ್ದರಂತೆ. ಬದುಕಿದ್ದಷ್ಟು ವರ್ಷವೂ ಅದೇ ಬೆಂಚು. ಕೆಥೋಲಿಕರ ಕಡೆಗೂ ಅವರು ಹೋಗಲಿಲ್ಲ. ಸೋಮವಾರ ಹೆಂಗಿತ್ರಿ ಎಂದು ಕೇಳಿದೆ. "ಆ ಹುಡುಗ ಭಾಳ ಜೋರಾಗಿ ಓದ್ತಾನೆ," ಎಂದಷ್ಟೇ ಹೇಳಿದರು. ಅವರ ಮುಖದಲ್ಲಿ ಆ ಕಳೆ ನಾನು ಮತ್ತೆ ನೋಡಲಿಲ್ಲ.

ಹಬ್ಬ ಹತ್ತಿರ ಬಂತು. ಫಾದರ್ ಪುಸ್ತಕದ ಪ್ರೂಫ್ ಸಿದ್ಧವಾಗಿತ್ತು, ಮೇಷ್ಟ್ರು ರಜೆ ಹಾಕಿ ಹರಿಹರದಲ್ಲೇ ಉಳಿದಿದ್ದರು. ಬೇರೆ ಯಾರಿಗೂ ತೋರಿಸಬೇಡ, ನನಗೇ ತಂದುಕೊಡು ಎಂದಿದ್ದರು. ನಾನು ಮಧ್ಯಾಹ್ನದ ರೈಲಿಗೆ ಹೋದೆ. ಮನೆಯಲ್ಲಿ ಗಡಿಬಿಡಿ. ಅಕ್ಕನಿಗೆ ಉಸಿರು ಮೇಲಾಗಿತ್ತು. ತಮ್ಮ ಫಾದರನ್ನು ಕರೆತರಲು ಓಡಿದ್ದ, ಅವನ ಹೆಂಡತಿ ಒಲೆಯ ಮುಂದೆ ಬಿಸಿನೀರು ಕಾಯಿಸುತ್ತಿದ್ದಳು. ಕೋಣೆಯಲ್ಲಿದ್ದವರು ಮೇಷ್ಟ್ರು ಒಬ್ಬರೇ. ನಾನು ಪ್ರೂಫನ್ನು ಕಂಕುಳಲ್ಲಿ ಇಟ್ಟುಕೊಂಡೇ ಗೋಡೆಗೆ ಒರಗಿ ನಿಂತೆ.

ಮೇಷ್ಟ್ರು ಅಕ್ಕನ ಕೈಯಲ್ಲಿದ್ದ ಜಪಮಾಲೆಯ ಮಣಿಯನ್ನು ತಾವೇ ಸರಿಸಿ, ತಮ್ಮ ಅರ್ಧ ಹೇಳಿದರು. ಅಕ್ಕನ ತುಟಿ ಅಲುಗಿದವು, ಮಾತು ಹೊರಡಲಿಲ್ಲ. ಮೇಷ್ಟ್ರು ಕಾದರು. ಅದೇ ಮಣಿಗೆ ಮತ್ತೊಮ್ಮೆ ತಮ್ಮ ಅರ್ಧ ಹೇಳಿದರು. ಈ ಸಲ ತುಟಿಯೂ ಅಲುಗಲಿಲ್ಲ. ಅಕ್ಕನ ಕಣ್ಣು ಮಾತ್ರ ತೆರೆದಿದ್ದವು. ಮೂರನೆಯ ಸಲ ಹೇಳಿ ಮೇಷ್ಟ್ರು ನಿಲ್ಲಿಸಿದರು. ಮಣಿ ಅವರ ಬೆರಳಲ್ಲಿ ಅಲ್ಲೇ ನಿಂತಿತ್ತು.

ನನ್ನ ಕೈಲಿ ತಡೆಯಲಾಗಲಿಲ್ಲ. ವರ್ಷ ವರ್ಷ ಅದೇ ಸಾಲುಗಳ ಮೊಳೆ ಜೋಡಿಸಿದವನು ನಾನು, ಕಣ್ಣು ಮುಚ್ಚಿಕೊಂಡು ಹೇಳಬಲ್ಲೆ. ನೆಲ ನೋಡುತ್ತಾ ಉಳಿದರ್ಧವನ್ನು ಹೇಳಿಬಿಟ್ಟೆ. ಪಾಪಿಗಳಾದ ನಮಗಾಗಿ, ಈಗಲೂ ಸಾಯುವ ಹೊತ್ತಿಗೂ ಬೇಡಿಕೊಳ್ಳವ್ವಾ ಎನ್ನುವ ಆ ಅರ್ಧ. ನನಗೇ ನನ್ನ ದನಿ ಬೇರೆ ಯಾರದೋ ಅನ್ನಿಸಿತು.

ಮೇಷ್ಟ್ರು ತಿರುಗಿ ನೋಡಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಮುಂದಿನ ಮಣಿ ಸರಿಸಿ ಮತ್ತೆ ತಮ್ಮ ಅರ್ಧ ಹೇಳಿದರು. ಆಮೇಲೆ ನಾನು ನನ್ನದು. ಹೀಗೆ ಆರೇಳು ಮಣಿ ಹೋಗಿರಬೇಕು. ಫಾದರ್ ಬರುವ ಹೊತ್ತಿಗೆ ಅಕ್ಕನ ಉಸಿರು ನಿಂತಿತ್ತು.

ನಿಜ ಹೇಳುತ್ತೇನೆ, ಆ ದಿನ ನನಗೆ ನನ್ನ ಮೇಲೆ ಒಳ್ಳೆಯ ಅಭಿಪ್ರಾಯ ಬಂತು. ಎರಡು ಸಭೆಯವರ ಜಗಳದಲ್ಲಿ ಸಿಕ್ಕ ಒಂದು ಜೀವಕ್ಕೆ ಮೂರನೆಯವನಾದ ನಾನಾದರೂ ಒದಗಿದೆನಲ್ಲ ಎಂದು ಕಣ್ಣು ತುಂಬಿತು. ಮರುದಿನ ಹರಿಹರದ ಕೆಥೋಲಿಕರ ಸ್ಮಶಾನದಲ್ಲಿ ಮಣ್ಣಾಯಿತು. ಮೇಷ್ಟ್ರಿಗೆ ಅವರ ಪಕ್ಕ ಜಾಗವಿಲ್ಲ ಎಂದು ಆಗಲೇ ಎಲ್ಲರಿಗೂ ಗೊತ್ತಿತ್ತು.

ಸಂಜೆ ಹರಿಹರದ ಸ್ಟೇಷನ್ನಿನಲ್ಲಿ ರೈಲಿಗೆ ಕಾಯುತ್ತಾ ಕೂತೆವು. ಮೇಷ್ಟ್ರ ಕನ್ನಡಕ ಮೂಗಿನ ಮೇಲೇ ಇತ್ತು, ಒರೆಸಲಿಲ್ಲ. ನಾನೇ, "ಅಕ್ಕಗೆ ಕೊನೀಗೆ ಎಲ್ಲಾ ಸಿಕ್ತಲ್ಲ ಬಿಡ್ರಿ," ಎಂದೆ.

"ಹೌದಪ್ಪ," ಎಂದರು. ಆಮೇಲೆ, "ನೀನು ಒಂದೀಟು ತಡೀಬೇಕಿತ್ತು ರುದ್ರಪ್ಪ."

"ಯಾಕ್ರಿ? ತಪ್ಪಾತೇನು?"

"ತಪ್ಪಲ್ಲ. ಆಕೆ ನೋಡ್ತಿದ್ದದ್ದು ನನ್ನ ಮುಖ." ಹಳಿಗಳ ಕಡೆ ನೋಡುತ್ತಲೇ ಹೇಳಿದರು. "ಆಕೆ ಅರ್ಧಕ್ಕೆ ನಾನೇ ಬಾಯಿ ತೆರೆದಿದ್ದೆ."